ಶಿವರಾತ್ರಿಯ ತೊಂಬತ್ತೆಂಟು

ನನಗೆ ಕ್ರಿಕೆಟ್ ನೋಡಲು ಬರುವುದಿಲ್ಲ; ಕ್ರಿಕೆಟ್ ನೋಡುವವರನ್ನು ನೋಡಲು ಮಾತ್ರ ಚೆನ್ನಾಗಿ ಬರುತ್ತದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಎಲ್ಲಾ ಹಗರಿಬೊಮ್ಮನಹಳ್ಳಿಯ ನಮ್ಮ ಮನೆ ಕಟ್ಟಿದ ಗೌಂಡಿಯ ಕೃಪೆ. ಅಡುಗೆಮನೆಯ ಬಾಗಿಲು ಪಡಸಾಲೆಗೆ ತೆರೆಯುವ ಮೂಲೆಯಲ್ಲೇ ಟೀವಿ ಇಡಲು ಜಾಗ ಇತ್ತು. ಹೀಗಾಗಿ ಒಲೆಯ ಮುಂದಿನಿಂದ ಎದ್ದು ಹೊಸ್ತಿಲಿಗೆ ಬಂದು ನಿಂತರೆ ನನಗೆ ಕಾಣುತ್ತಿದ್ದದ್ದು ಟೀವಿಯ ಬೆನ್ನು. ಆಗಿನ ಟೀವಿಗಳಿಗೆ ಬೆನ್ನ ಮೇಲೆ ದೊಡ್ಡದೊಂದು ಗೂನು ಇರುತ್ತಿತ್ತಲ್ಲ, ಆ ಗೂನು, ಅದರಿಂದ ಇಳಿಬಿದ್ದ ವೈರುಗಳು, ಅದರಾಚೆ ಸಾಲಾಗಿ ಕುಳಿತವರ ಮುಖಗಳು. ಊರಿಗೆಲ್ಲ ಆಟ ಕಂಡರೆ ನನಗೆ ಊರು ಕಾಣುತ್ತಿತ್ತು.

ವರ್ಷಗಟ್ಟಲೆ ಹೀಗೆ ನಿಂತು ನಿಂತು ನಾನು ಮುಖದಲ್ಲೇ ಸ್ಕೋರು ಓದುವುದನ್ನು ಕಲಿತೆ. ಚೆಂಡು ಗೆರೆ ದಾಟಿದರೆ ನಮ್ಮ ಮಾವನವರ ಗದ್ದ ಮೇಲೇಳುತ್ತದೆ. ಸಿಕ್ಸರ್ ಆದರೆ ಅವರು ಕೂಗುವವರಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಒಂದು ಸಲ ಕೊಡವಿ ಮತ್ತೆ ಹಾಕಿಕೊಳ್ಳುತ್ತಾರೆ. ನಮ್ಮವನು ಔಟಾದರೆ ನನ್ನ ಕಡೆ ನೋಡಿ ನೀರು ಕೇಳುತ್ತಾರೆ, ಎದುರಿನವನು ಔಟಾದರೆ ಚಹಾ. ನನ್ನ ಗಂಡನದು ಇನ್ನೊಂದು ಬಗೆ. ಆತಂಕದ ಹೊತ್ತಿನಲ್ಲಿ ಶೇಂಗಾ ಸುಲಿಯುತ್ತಲೇ ಹೋಗುತ್ತಾರೆ, ಒಂದನ್ನೂ ಬಾಯಿಗೆ ಹಾಕುವುದಿಲ್ಲ. ಪಂದ್ಯ ಮುಗಿದ ಮೇಲೆ ಮೊರದಲ್ಲಿ ಗುಡ್ಡೆಯಾದ ಕಾಳು ನೋಡಿದರೆ ಸಾಕು, ಆಟ ಎಷ್ಟು ಬಿಗಿಯಾಗಿತ್ತೆಂದು ನನಗೆ ತಿಳಿಯುತ್ತಿತ್ತು. ಮರುದಿನ ಶೇಂಗಾ ಚಟ್ನಿ ಜಾಸ್ತಿಯಾಯಿತೆಂದು ಅವರೇ ಗೊಣಗುತ್ತಿದ್ದರು.

ರಸ ಇರುವುದು ಆಡುವವನಲ್ಲಿ ಅಲ್ಲ, ನೋಡುವವನಲ್ಲಿ ಎಂದು ನಮ್ಮ ಹಳೆಯ ಕಾವ್ಯಶಾಸ್ತ್ರದವರು ಹೇಳುತ್ತಾರೆ. ಹರಪನಹಳ್ಳಿಯಲ್ಲಿ ಬಿ.ಎ. ಓದುವಾಗ ಇದನ್ನು ಉರು ಹೊಡೆದು ಬರೆದು ಅಂಕ ಗಿಟ್ಟಿಸಿದ್ದೆನೇ ಹೊರತು ಒಂದಕ್ಷರ ತಿಳಿದಿರಲಿಲ್ಲ. ತಿಳಿದದ್ದು ಅರಸೀಕೆರೆಯ ನನ್ನ ಸೋದರಮಾವನಿಂದ. ಹರೆಯದಲ್ಲಿ ಕುಸ್ತಿ ಆಡಿದವನು ಅವನು. ಒಲಿಂಪಿಕ್ಸ್ ಬಂದಾಗ ಕುಸ್ತಿ ತೋರಿಸುತ್ತಾರೆಂದು ಟೀವಿ ಮುಂದೆ ಕೂರುತ್ತಿದ್ದ. ಅಲ್ಲಿ ಯಾರೋ ಯಾರನ್ನೋ ಹಿಡಿದರೆ ಇಲ್ಲಿ ಇವನು ಪಕ್ಕದಲ್ಲಿದ್ದವನ ಕುತ್ತಿಗೆಗೆ ಕೈ ಹಾಕುತ್ತಿದ್ದ. ಅವನ ಎಡಬಲದಲ್ಲಿ ಕೂರುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅವನ ಹೆಂಡತಿ ಅಲ್ಲಿ ಒಂದು ಜೋಳದ ಚೀಲ ತಂದು ನಿಲ್ಲಿಸುತ್ತಿದ್ದಳು. ಒಲಿಂಪಿಕ್ಸಿನಲ್ಲಿ ನಮ್ಮ ದೇಶಕ್ಕೆ ಕುಸ್ತಿಯ ಪದಕ ಬರಲಿ ಬಿಡಲಿ, ಆ ಚೀಲ ಪ್ರತಿ ಸಲವೂ ಚಿತ್ತಾಗುತ್ತಿತ್ತು. ಇಟ್ಟಿಗಿಯ ಕಡೆ ಬಯಲಾಟ ನೋಡಲು ಹೋದಾಗಲೂ ಇದನ್ನೇ ಕಂಡಿದ್ದೇನೆ. ಕಥೆ ಎಲ್ಲರಿಗೂ ಗೊತ್ತು, ಯಾರು ಸಾಯುತ್ತಾರೆಂಬುದೂ ಗೊತ್ತು, ಆದರೂ ಮುಂದಿನ ಸಾಲಿನ ಮುದುಕನೊಬ್ಬ ದ್ರೌಪದಿಯ ಸೀರೆಗೆ ಕೈ ಹಾಕಿದ ದುಶ್ಶಾಸನನಿಗೆ ಚಪ್ಪಲಿ ತೋರಿಸುತ್ತಾನೆ. ನೋಡುವವರು ಸುಮ್ಮನೆ ನೋಡುತ್ತಾರೆಂದು ತಿಳಿದವರು ನೋಡುವವರನ್ನು ನೋಡಿಲ್ಲ, ಅಷ್ಟೆ. ತಾವು ಏನಾದರೂ ಮಾಡದಿದ್ದರೆ ಆಟ ಕೆಟ್ಟುಹೋಗುತ್ತದೆಂಬ ಜವಾಬ್ದಾರಿ ಪ್ರತಿಯೊಬ್ಬರ ತಲೆಯ ಮೇಲೂ ಇರುತ್ತದೆ.

ಆ ಜವಾಬ್ದಾರಿಯ ಭಾರ ಎಷ್ಟೆಂದು ನಾನು ಕಣ್ಣಾರೆ ಕಂಡದ್ದು ೨೦೦೩ರ ವಿಶ್ವಕಪ್ಪಿನಲ್ಲಿ. ಭಾರತ-ಪಾಕಿಸ್ತಾನದ ಪಂದ್ಯ ಆ ಸಲ ಶಿವರಾತ್ರಿಯ ದಿನವೇ ಬಂದಿತ್ತು. ದಕ್ಷಿಣ ಆಫ್ರಿಕಾದಲ್ಲಿ ಕುಳಿತು ಪಂದ್ಯದ ದಿನ ಗೊತ್ತು ಮಾಡಿದವರಿಗೆ ಶಿವರಾತ್ರಿ ಎಂದೆಂದು ತಿಳಿದಿರಲಿಕ್ಕಿಲ್ಲ. ನಮ್ಮ ಪಂಚಾಂಗ ಬರೆದವರಿಗೆ ವಿಶ್ವಕಪ್ಪಿನ ಗೊಡವೆ ಇರಲಿಲ್ಲ. ಇಬ್ಬರ ನಡುವೆ ಸಿಕ್ಕಿಕೊಂಡದ್ದು ನಮ್ಮ ಓಣಿ. ಗೆದ್ದದ್ದು ಯಾರೆಂದು ಕೊನೆಯವರೆಗೆ ಬಚ್ಚಿಡುವ ಉಮೇದು ನನಗಿಲ್ಲ. ನಾವೇ ಗೆದ್ದೆವು. ಆಮೇಲೆ ಫೈನಲ್ಲಿನಲ್ಲಿ ಏನಾಯಿತೆಂಬುದೂ ನಿಮಗೆ ಗೊತ್ತು, ನಮ್ಮ ಮನೆಯಲ್ಲಿ ಆ ಮಾತು ಇವತ್ತಿಗೂ ಎತ್ತುವಂತಿಲ್ಲ. ನಾನು ಹೇಳಹೊರಟದ್ದು ಬೇರೆ. ಆ ಶಿವರಾತ್ರಿಯ ದಿನ ನಮ್ಮ ಕಡೆಯ ಆ ಗಿಡ್ಡ ಆಳು, ದೊಡ್ಡ ಆಟಗಾರ, ತೊಂಬತ್ತೆಂಟಕ್ಕೆ ಔಟಾದನಲ್ಲ, ಅದರ ಸಂಗತಿ. ಚೆಂಡು ಎಗರಿ ಬಂದದ್ದೇ ಕಾರಣ ಎಂದು ಲೋಕ ನಂಬಿದೆ. ನಮ್ಮ ಓಣಿ ಅದನ್ನು ಒಪ್ಪುವುದಿಲ್ಲ.

ನಮ್ಮ ಮನೆಗಳಲ್ಲಿ ಶಿವರಾತ್ರಿಗೆ ಹಗಲೆಲ್ಲ ಉಪವಾಸ. ಸಂಜೆ ಲಿಂಗಪೂಜೆ ಮಾಡಿಕೊಂಡು, ಓಣಿಯ ಜಂಗಮರಾದ ಅಯ್ಯನವರು ಮನೆಗೆ ಬಂದು, ಅವರ ಪಾದ ತೊಳೆದು ಪೂಜಿಸಿದ ತೀರ್ಥವನ್ನು ಅಂಗೈಯಲ್ಲಿ ತೆಗೆದುಕೊಂಡ ಮೇಲೆ ಉಪವಾಸ ಬಿಡುವುದು. ಅಯ್ಯನವರು ಬರುವ ತನಕ ಗೆಣಸು ಬೆಂದಿರಲಿ, ಕರಬೂಜ ಹೆಚ್ಚಿರಲಿ, ಶೇಂಗಾ ಉಂಡಿ ಡಬ್ಬಿಯಿಂದ ಕರೆಯುತ್ತಿರಲಿ, ಯಾರೂ ಮುಟ್ಟುವಂತಿಲ್ಲ. ನಮ್ಮ ಓಣಿಗೆ ಗುರುಬಸಯ್ಯನವರು ಅಯ್ಯನವರು. ಓಣಿಯ ಮೊದಲ ಮನೆ ನಮ್ಮದು, ಅಲ್ಲಿಂದ ಶುರು ಮಾಡಿ ಕೊನೆಯ ಮನೆಯ ಗೌರಜ್ಜಿಯವರೆಗೆ ಸಾಲಾಗಿ ಹೋಗುವುದು ಅವರ ಪದ್ಧತಿ. ಉಳಿದ ದಿನಗಳಲ್ಲಿ ಅವರು ಹಂಪಸಾಗರದ ಕಡೆ ಶಾಲೆಯಲ್ಲಿ ಮೇಷ್ಟ್ರು. ಗೆಲ್ಲಲು ಓವರಿಗೆ ಎಷ್ಟು ರನ್ ಬೇಕೆಂಬುದನ್ನು ಟೀವಿ ತೋರಿಸುವ ಮೊದಲೇ ಬಾಯಿಲೆಕ್ಕದಲ್ಲಿ ಹೇಳುವರು. ಹಗಲು ಮಕ್ಕಳಿಗೆ ಗ್ರಹಣದ ಬಗ್ಗೆ ಮೂಢನಂಬಿಕೆ ಬೇಡವೆಂದು ಪಾಠ ಮಾಡುವ ಈ ಸಜ್ಜನರಿಗೆ ತಮ್ಮದೇ ಒಂದು ನಂಬಿಕೆ ಇತ್ತು. ಪಂದ್ಯದ ನಡುವೆ ತಾವು ಕೂತಲ್ಲಿಂದ ಎದ್ದರೆ ನಮ್ಮವರದೊಂದು ವಿಕೆಟ್ ಬೀಳುತ್ತದೆ. ಹಿಂದಿನ ವಿಶ್ವಕಪ್ಪುಗಳಲ್ಲಿ ನೀರು ಕುಡಿಯಲು ಎದ್ದು, ಬಚ್ಚಲಿಗೆ ಎದ್ದು, ಒಮ್ಮೆ ಸೀನು ಬಂತೆಂದು ಅರ್ಧ ಎದ್ದು ಅವರು ಇದನ್ನು ಪರೀಕ್ಷೆ ಮಾಡಿದ್ದರು. ಫಲಿತಾಂಶದಲ್ಲಿ ಸಂಶಯ ಉಳಿದಿರಲಿಲ್ಲ. ಓಣಿಯವರೂ ಒಪ್ಪಿಕೊಂಡಿದ್ದರು.

ಆ ದಿನ ಪೂಜೆಯ ಹೊತ್ತಿಗೂ ನಮ್ಮವರು ಬ್ಯಾಟು ಹಿಡಿದು ಇಳಿಯುವುದಕ್ಕೂ ಸರಿಹೋಯಿತು. ಟೀವಿ ಆರಿಸಬೇಕೆಂದು ಮಾವನವರೇ ಅಪ್ಪಣೆ ಮಾಡಿದರು. ಆರಿಸಿದೆವು. ಆದರೆ ಎದುರುಮನೆಯವರದು ಬೇರೆ ಪದ್ಧತಿ, ಅವರ ಪೂಜೆ ಬೆಳಿಗ್ಗೆಯೇ ಮುಗಿದಿತ್ತು. ಅವರ ಟೀವಿ ಕಿಟಕಿಯಿಂದ ಗಂಟಲು ಹರಿದುಕೊಳ್ಳುತ್ತಿತ್ತು. ಲಿಂಗಪೂಜೆ ಎಂದರೆ ಕಣ್ಣಿನ ಕೆಲಸ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ರೆಪ್ಪೆ ಬಡಿಯದೆ ಅದನ್ನೇ ನೋಡಬೇಕು. ಕಿವಿ ಎಲ್ಲಿರಬೇಕೆಂಬ ಬಗ್ಗೆ ಮಾತ್ರ ನಮ್ಮ ಹಿರಿಯರು ಏನೂ ಹೇಳಿಲ್ಲ. ಮಾವನವರು ದೃಷ್ಟಿ ಕದಲಿಸಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಎದುರುಮನೆಯಿಂದ ದೊಡ್ಡದೊಂದು ಕೂಗು ಬಂದಾಗ ಅವರ ಬಲಗೈ ತಾನಾಗಿಯೇ ಹೆಗಲಿಗೆ ಹೋಯಿತು. ಪೂಜೆಗೆ ಕೂತ ಹೆಗಲಿನ ಮೇಲೆ ಟವೆಲ್ ಇರಲಿಲ್ಲ. ಕೈ ಬರಿಯ ಹೆಗಲನ್ನು ಸವರಿ ಇಳಿಯಿತು. ಸಿಕ್ಸರ್ ಎಂದು ನನಗೆ ತಿಳಿಯಿತು. ಆಗ ನಿನ್ನ ಕಣ್ಣು ಎಲ್ಲಿತ್ತಮ್ಮ, ನಿನ್ನ ಪೂಜೆ ಏನಾಯಿತು ಎಂದು ನೀವು ಕೇಳಬಾರದು. ಯಾರ ಭಕ್ತಿ ಎಷ್ಟೆಂದು ಅಳೆಯುವುದು ಶಿವನ ಕೆಲಸ.

ಗುರುಬಸಯ್ಯನವರು ಬಂದಾಗ ನಮ್ಮವರು ಇಬ್ಬರು ಬೆನ್ನುಬೆನ್ನಿಗೆ ಔಟಾಗಿ ಎದುರುಮನೆಯ ಟೀವಿಯ ಸದ್ದೇ ಸಣ್ಣದಾಗಿತ್ತು. ಪಾದಪೂಜೆ ಆಯಿತು, ತೀರ್ಥ ತೆಗೆದುಕೊಂಡೆವು, ಉಪವಾಸ ಬಿಟ್ಟೆವು. ಮಾವನವರು ಟೀವಿ ಹಚ್ಚಿಸಿ, ಒಂದೇ ಒಂದು ಓವರ್ ನೋಡಿ ಮುಂದಿನ ಮನೆಗೆ ಹೋಗಿರೆಂದು ಅಯ್ಯನವರನ್ನು ಕುರ್ಚಿಯ ಮೇಲೆ ಕೂರಿಸಿದರು. ಅವರು ಕೂತದ್ದೇ ತಡ, ಆಟ ಕುದುರಿಕೊಂಡಿತು. ಗಿಡ್ಡ ಆಳು ಹೊಡೆಯುತ್ತಲೇ ಇದ್ದ, ಮಾವನವರ ಗದ್ದ ಏಳುತ್ತಲೇ ಇತ್ತು. ಆ ಕಡೆಯ ಬೌಲರನ ಓಟವನ್ನೂ ಅವರು ಮೆಚ್ಚಿಕೊಂಡರು. ಎತ್ತು ಯಾರ ಮನೆಯದಾದರೇನು, ನಡಿಗೆ ಚೆಂದ ಇದ್ದರೆ ಚೆಂದ ಎನ್ನಬೇಕು ಎಂದು ಅವರ ಮಾತು. ಒಂದು ಓವರ್ ಎರಡಾಯಿತು, ನಾಲ್ಕಾಯಿತು. ಏಳಲು ಹೊರಟಾಗಲೆಲ್ಲ ಅಯ್ಯನವರು ಕುರ್ಚಿಯ ಕೈ ಹಿಡಿದು ಯೋಚಿಸಿ ಮತ್ತೆ ಒರಗುತ್ತಿದ್ದರು.

ಇತ್ತ ಓಣಿಯಲ್ಲಿ ಹಸಿದ ಜನ. ಎರಡನೆಯ ಮನೆಯವರು ಅಯ್ಯನವರನ್ನು ಕರೆಯಲು ಮಗನನ್ನು ಕಳಿಸಿದರು, ಅವನು ಬಂದು ಇಲ್ಲೇ ಕೂತ. ಅವನನ್ನು ಕರೆಯಲು ಅವನ ಅಪ್ಪ ಬಂದರು, ಅವರೂ ಕೂತರು. ಮೂರನೆಯ ಮನೆ, ನಾಲ್ಕನೆಯ ಮನೆ ಎಂದು ಪಡಸಾಲೆ ತುಂಬಿತು. ಅಯ್ಯನವರನ್ನು ಎಬ್ಬಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ನಮ್ಮವರು ಬೇಗ ಉಪಾಯ ಹುಡುಕುವ ಜನ. ಮನೆಗೊಂದು ಬಟ್ಟಲು ತರಿಸಿ, ಕೂತಲ್ಲೇ ತೀರ್ಥ ಮಾಡಿಸಿಕೊಂಡು, ಹೆಂಗಸರ ಕೈಯಲ್ಲಿ ಮನೆಗೆ ಕಳಿಸಿದರು. ನನ್ನ ಗಂಡ ಕಾಳು ಸುಲಿಯುತ್ತಿದ್ದರು, ಈ ಸಲ ಗುಡ್ಡೆಯಾಗಲಿಲ್ಲ, ಉಪವಾಸ ಬಿಟ್ಟ ಜನ ಅಲ್ಲಲ್ಲೇ ತಿಂದು ಮುಗಿಸುತ್ತಿದ್ದರು. ನನಗೂ ಸಂತೋಷವಾಗಿತ್ತು. ಅಷ್ಟು ಮುಖಗಳು ಒಂದೇ ಸಲ ಅರಳುವುದನ್ನು ಎದುರಿನಿಂದ ನೋಡುವ ಭಾಗ್ಯ ಮೈದಾನದಲ್ಲಿ ಟಿಕೆಟ್ ಕೊಟ್ಟು ಕೂತವರಿಗೂ ಇಲ್ಲ.

ಆಗ ಹಿಂದಿನ ಬಾಗಿಲಿನಿಂದ ನೀಲಮ್ಮ ಬಂದು ನನ್ನ ಪಕ್ಕ ನಿಂತಳು. ಕೊನೆಯ ಮನೆಯ ಗೌರಜ್ಜಿಯ ಸೊಸೆ ಅವಳು. ಅವಳ ಗಂಡ ಕೊಟ್ರೇಶ ಅಯ್ಯನವರನ್ನು ಕರೆದು ತರುತ್ತೇನೆಂದು ಬಂದು ಆಗಲೇ ನಮ್ಮ ಪಡಸಾಲೆಯಲ್ಲಿ ಬೇರು ಬಿಟ್ಟಿದ್ದ. ನೀಲಮ್ಮ ಅವನ ಕಡೆ ಒಮ್ಮೆ ನೋಡಿ, ನೋಡಿ ಪ್ರಯೋಜನವಿಲ್ಲವೆಂದು ನನ್ನ ಕಡೆ ತಿರುಗಿದಳು.

“ಅಕ್ಕ, ನಮ್ಮತ್ತಿಗೆ ಕೈ ನಡುಗಾಕತ್ಯಾವ. ಮುಂಜಾನಿ ಸಕ್ರಿ ಗುಳಿಗಿ ನುಂಗ್ಯಾರ, ಹೊಟ್ಟಿಗೆ ಏನೂ ಇಲ್ಲ. ಒಂದ್ ಚೂರು ಗೆಣಸು ತಿನ್ರಿ ಅಂದ್ರ, ಅಯ್ನೋರು ಬರ್ಲಿ ಅಂತಾರ.”

ಬಟ್ಟಲಿನ ತೀರ್ಥ ಒಯ್ಯಬಹುದಿತ್ತಲ್ಲ ಎಂದೆ. ಅದನ್ನೂ ಒಯ್ದು ನೋಡಿದ್ದಳಂತೆ. ಅಯ್ಯನವರು ತನ್ನ ಹೊಸ್ತಿಲು ದಾಟಿ ಬಂದು, ತಾನು ಹಾಕಿದ ಮಣೆಯ ಮೇಲೆ ಕೂತು, ತನ್ನ ಕೈಯಿಂದ ಪಾದಕ್ಕೆ ನೀರು ಬೀಳಬೇಕು. ಇಷ್ಟು ವರ್ಷ ಹಾಗೇ ಆಗಿದೆ, ಈ ವರ್ಷ ಬಟ್ಟಲಿನಲ್ಲಿ ಬಂದ ನೀರು ಕುಡಿದು ಉಪವಾಸ ಬಿಡುವುದಿಲ್ಲ ಎಂದು ಗೌರಜ್ಜಿ ಕೂತುಬಿಟ್ಟಿದ್ದಳು. ಆ ಅಜ್ಜಿಯ ಹಟ ನನಗೆ ಗೊತ್ತು. ಸಕ್ಕರೆ ಕಾಯಿಲೆಯವರು ಹೀಗೆ ನಡುಗುತ್ತಾ ಕೂತಲ್ಲೇ ಕುಸಿದದ್ದನ್ನು ನನ್ನ ತವರಿನಲ್ಲಿ ನೋಡಿದ್ದೆ.

ಟೀವಿಯ ಗೂನು ಸುತ್ತಿ ಪಡಸಾಲೆಗೆ ಬಂದೆ. ಆ ಪಂದ್ಯದಲ್ಲಿ ಪರದೆ ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಗಿಡ್ಡ ಆಳು ಕಾಲು ಹಿಡಿದುಕೊಂಡು ಮುಖ ಕಿವುಚಿ ನಿಂತಿದ್ದ. ಅವನಿಗೆ ಓಡಲು ಆಗುವುದಿಲ್ಲವಂತೆ, ಅವನ ಪರವಾಗಿ ಓಡಲು ಇನ್ನೊಬ್ಬ ಬಂದಿದ್ದ. ಹೊಡೆಯುವವನೊಬ್ಬ, ಓಡುವವನೊಬ್ಬ. ಸೊಸೆಯಾಗಿ ಬಂದವರಿಗೆ ಈ ನಿಯಮವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ಕೋರು ತೊಂಬತ್ತೆಂಟು. ನಾನು ಅಯ್ಯನವರ ಕುರ್ಚಿಯ ಪಕ್ಕ ಬಗ್ಗಿ ಗೌರಜ್ಜಿಯ ವಿಷಯ ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳಿದರೂ ಇಡೀ ಪಡಸಾಲೆಗೆ ಕೇಳಿಸಿತು. ಕೊಟ್ರೇಶ ತಲೆ ತಗ್ಗಿಸಿ ಎದ್ದು ನಿಂತ.

ಮಾವನವರು ಕೆಟ್ಟವರಲ್ಲ. ಗೌರಜ್ಜಿಗೆ ಜ್ವರ ಬಂದರೆ ಮೊದಲು ವಿಚಾರಿಸಲು ಹೋಗುವವರೇ ಅವರು. ಆದರೆ ತೊಂಬತ್ತೆಂಟು ಎಂಬುದು ಮನುಷ್ಯನನ್ನು ಏನು ಬೇಕಾದರೂ ಮಾಡುತ್ತದೆ.

“ಅಯ್ನೋರ, ಇನ್ನ ಎರಡ ರನ್ ಐತಿ. ಅದಾದ ಕೂಡ್ಲೆ ಹೋಗೀರಂತ. ಈಗ ಏಳಬ್ಯಾಡ್ರಿ,” ಎಂದರು.

ಗುರುಬಸಯ್ಯನವರು ಪರದೆ ನೋಡಿದರು. ಎರಡು ರನ್ನಿಗೆ ಒಂದು ಚೆಂಡೂ ಸಾಕು, ನಾಲ್ಕು ಓವರೂ ಹಿಡಿಯಬಹುದು. ಆ ಲೆಕ್ಕ ಅವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಮುಖ ಓದುವುದರಲ್ಲಿ ಪಳಗಿದವಳೆಂದು ನಾನು ಜಂಬ ಕೊಚ್ಚಿಕೊಂಡೆನಲ್ಲ, ಆ ಹೊತ್ತಿನ ಅವರ ಮುಖ ಮಾತ್ರ ನನಗೆ ಓದಲಾಗಲಿಲ್ಲ. ಅಷ್ಟು ಸಂಕಟವನ್ನು ನಾನು ಯಾವ ಆಟ ನೋಡುವವರ ಮುಖದಲ್ಲೂ ಕಂಡಿರಲಿಲ್ಲ.

“ನಾ ಎದ್ರ ಆತ ಔಟಾಗ್ತಾನ ಅಂಬೋದು ನನಗೂ ಗೊತ್ತೈತ್ರಿ, ಯಜಮಾನ್ರ,” ಎಂದರು. “ಏನ್ ಮಾಡ್ಲಿ, ಮುದುಕಿ ಉಪಾಸ ಕುಂತಾಳ.”

ಕುರ್ಚಿಯ ಎರಡೂ ಕೈ ಹಿಡಿದು ಎದ್ದರು. ಮಾವನವರು ಗೂಟಕ್ಕೆ ತೂಗು ಹಾಕಿದ್ದ ಜೋಳಿಗೆಯನ್ನು ತೆಗೆದು ಅವರ ಕೈಗೆ ಕೊಟ್ಟರು.

ಕೊಟ್ರೇಶ ಮುಂದೆ, ಅಯ್ಯನವರು ನಡುವೆ, ಗೆಣಸು-ಕರಬೂಜದ ತಟ್ಟೆ ಹಿಡಿದ ನಾನು ಮತ್ತು ನೀಲಮ್ಮ ಹಿಂದೆ. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಎರಡು ಕಡೆಯ ಮನೆಗಳಿಂದಲೂ ಒಂದೇ ಕಾಮೆಂಟರಿ ಬರುತ್ತಿತ್ತು, ನಡೆದಂತೆಲ್ಲ ಅದೂ ನಮ್ಮ ಜೊತೆ ಬಂತು. ನಾಲ್ಕಾರು ಮನೆ ದಾಟಿರಬಹುದು, ಇದ್ದಕ್ಕಿದ್ದಂತೆ ಎಲ್ಲ ಮನೆಗಳಿಂದಲೂ ಒಂದು ದೀರ್ಘವಾದ ಉಸಿರು ಹೊರಬಿತ್ತು. ಆಮೇಲೆ ಏನೂ ಇಲ್ಲ. ಗೆದ್ದಾಗ ಒಬ್ಬೊಬ್ಬರು ಒಂದೊಂದು ರೀತಿ ಕೂಗುತ್ತಾರೆ, ಸೋತಾಗ ಓಣಿಗೆ ಓಣಿಯೇ ಒಂದೇ ರೀತಿ ಸುಮ್ಮನಾಗುತ್ತದೆ. ಅಯ್ಯನವರ ಹೆಜ್ಜೆ ನಿಂತಿತು. ಅವರು ತಿರುಗಿ ನೋಡಲಿಲ್ಲ. ಜೋಳಿಗೆಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮತ್ತೆ ನಡೆದರು.

ಅವರ ಬೆನ್ನ ಹಿಂದೆ ನಡೆಯುತ್ತಾ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಇವರ ನಂಬಿಕೆಯನ್ನು ಕೇಳಿ ಎಷ್ಟೋ ಸಲ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕವಳು ನಾನು. ನಾವು ಎದ್ದರೆ ಅಲ್ಲೆಲ್ಲೋ ಆಡುವವನಿಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು, ಅದಕ್ಕೇ ಏಳಿರೆಂದು ಹೇಳುವುದು ನನಗೆ ಸುಲಭವಾಯಿತು. ಅವರಿಗೆ ಹಾಗಿರಲಿಲ್ಲ. ಅವರ ಪಾಲಿಗೆ ಆ ಎರಡು ರನ್ನು, ಆ ನೂರು, ದೇಶದ ಅಷ್ಟೂ ಜನರ ಸಂತೋಷ ತಮ್ಮ ಕುರ್ಚಿಯ ಕಾಲಿಗೆ ಕಟ್ಟಿಕೊಂಡಿತ್ತು. ಎಲ್ಲವನ್ನೂ ಕಳೆಯುತ್ತಿದ್ದೇನೆಂದು ಪೂರಾ ನಂಬಿಕೊಂಡೇ ಅವರು ಎದ್ದರು. ಹಿಂದೆ ನಕ್ಕದ್ದಕ್ಕೆ ನನಗೆ ನಾಚಿಕೆಯೇನೂ ಆಗಲಿಲ್ಲ, ಆದರೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಗೌರಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ಮಣೆ, ಮಣೆಯ ಪಕ್ಕ ತುಂಬಿದ ತಂಬಿಗೆ, ಒಂದು ಪತ್ರಿ, ನಾಲ್ಕು ಹೂವು. ತಂಬಿಗೆ ಎತ್ತುವಾಗ ಕೈ ಅದುರಿತು, ನೀಲಮ್ಮ ಹಿಡಿಯಲು ಹೋದರೆ ಕಣ್ಣಲ್ಲೇ ಗದರಿದಳು. ಪಾದಕ್ಕೆ ಬಿದ್ದ ನೀರಿಗಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು. ಅಯ್ಯನವರು ಅಂಗೈಗೆ ತೀರ್ಥ ಬಿಟ್ಟರು, ಅಜ್ಜಿ ಕಣ್ಣಿಗೊತ್ತಿಕೊಂಡು ಕುಡಿದಳು. ನಾನು ತಡಮಾಡದೆ ಗೆಣಸಿನ ತುಂಡೊಂದನ್ನು ಬಾಯಿಗಿಟ್ಟೆ, ಮೇಲೆ ಒಂದು ಹೋಳು ಕರಬೂಜ. ಸ್ವಲ್ಪ ಹೊತ್ತಿಗೆ ಅವಳ ಮುಖಕ್ಕೆ ಕಳೆ ಬಂತು, ಕೈಯ ನಡುಕ ನಿಂತಿತು. ಕೊಟ್ರೇಶ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ಇನ್ನೊಂದು ತುಂಡು ಗೆಣಸಿಗೆ ಕೈ ಚಾಚುತ್ತಾ ಅಜ್ಜಿ ಎದುರಿಗೆ ಕೂತವರನ್ನು ಸರಿಯಾಗಿ ನೋಡಿದಳು.

“ಯಾಕ್ರಿ ಅಯ್ನೋರ, ಮಾರಿ ಸಣ್ಣದಾಗೈತಿ?”

“ಏನಿಲ್ಲ ಯವ್ವಾ,” ಎಂದರು ಗುರುಬಸಯ್ಯನವರು. “ಮಧ್ಯಾಹ್ನದಿಂದ ಬಿಸಲಾಗ ಆಡಾಕತ್ತಿದ್ದ ಒಬ್ಬ ಹುಡುಗ. ನೂರಕ್ಕ ಎರಡ ಕಮ್ಮಿ ಇತ್ತು. ಔಟಾಗಿ ಒಳಗ ಹೋದ.”

ಗೌರಜ್ಜಿ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದಳು.

“ಪಾಪ, ಹೋಗ್ಲಿ ಬಿಡ್ರಿ,” ಎಂದಳು. “ಅವನೂ ಹಸ್ದಿರ್ತಾನ. ಒಳಗ ಕುಂತು ಎರಡು ತುತ್ತು ಉಣ್ಲಿ.”